ಟಿಡ್ಲಿವಿಕಿಯಲ್ಲಿ ಚಿತ್ರ ಕೂರಿಸೋದು: ಮ್ಯಾಕ್ರೋ ಬರೆಯೋ ತಾಳ್ಮೆ ಇದ್ದರೆ ಮಾತ್ರ

ಟಿಡ್ಲಿವಿಕಿ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಜೆರೆಮಿ ರಸ್ಟನ್ 2004ರಲ್ಲಿ ಶುರು ಮಾಡಿದ ಉಚಿತ ವಿಕಿ ಇದು, ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್‌ನಲ್ಲಿ ಇರುತ್ತದೆ. ಒಳಗಿನ ಒಂದೊಂದು ಟಿಪ್ಪಣಿಗೂ ಟಿಡ್ಲರ್ ಅಂತ ಹೆಸರು. ಬರಹಕ್ಕೆ ಇದು ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಚಿತ್ರಗಳ ವಿಚಾರ ಬೇರೆ.

ಚಿತ್ರವನ್ನು ಎಳೆದು ತಂದು ಬಿಟ್ಟರೆ ಅದೂ ಒಂದು ಟಿಡ್ಲರ್ ಆಗುತ್ತದೆ. img ಅಂತ ಸೇರಿಸಿ ಅದರ ಹೆಸರನ್ನು ಚೌಕ ಆವರಣದಲ್ಲಿ ಬರೆದರೆ ಪುಟದಲ್ಲಿ ಕಾಣುತ್ತದೆ, ಅಗಲವನ್ನೂ ಅಲ್ಲೇ ಹೇಳಬಹುದು. ಆದರೆ ಚಿತ್ರ ಬಲಕ್ಕೆ ಸರಿಯಬೇಕು, ಪಕ್ಕದಲ್ಲಿ ಬರಹ ಹರಿಯಬೇಕು, ಕೆಳಗೆ ಅಡಿಬರಹ ಬೇಕು ಅಂದರೆ ಸಿದ್ಧ ಬಟನ್ ಏನೂ ಇಲ್ಲ. ನೀವೇ ಮ್ಯಾಕ್ರೋ ಬರೆಯಬೇಕು, ಅಂದರೆ ಒಂದು ಸಲ ಬರೆದಿಟ್ಟು ಬೇಕಾದಾಗ ಹೆಸರಿಂದ ಕರೆಯೋ ಕೋಡ್ ತುಣುಕು.

ಬರೆದ ಮೇಲೆ ಮಾತ್ರ ಮಜಾ ಇದೆ. ಚಿತ್ರದ ಹೆಸರು, ಯಾವ ಕಡೆ, ಎಷ್ಟು ಅಗಲ, ಇಷ್ಟು ಕೊಟ್ಟರೆ ಸಾಕು. ಮ್ಯಾಕ್ರೋ ಸುಮ್ನೆ ಒಂದು ಕ್ಲಾಸ್ ಹೆಸರು (ಯಾವ ಅಲಂಕಾರ ಅಂತ ಹೇಳುವ ಗುರುತು) ಅಂಟಿಸಲಿ, ಫ್ಲೋಟ್ (ಚಿತ್ರವನ್ನು ಪಕ್ಕಕ್ಕೆ ಸರಿಸೋದು), ಮಾರ್ಜಿನ್ (ಸುತ್ತಲಿನ ಖಾಲಿ ಜಾಗ) ಎಲ್ಲ ಅಲಂಕಾರದ ನಿಯಮಗಳಿಗೇ ಮೀಸಲಾದ, ಸ್ಟೈಲ್‌ಶೀಟ್ ಟ್ಯಾಗ್ ಇರುವ ಟಿಡ್ಲರ್‌ನಲ್ಲಿರಲಿ. ಆಗ ಮೊಬೈಲ್‌ನಲ್ಲಿ ಚಿತ್ರದ ಪಕ್ಕ ಸಾಲಿಗೆರಡು ಪದ ಸಿಕ್ಕಿಹಾಕಿಕೊಂಡು ಒದ್ದಾಡೋದನ್ನು ಒಂದೇ ಜಾಗದಲ್ಲಿ ಸರಿ ಮಾಡಿದರೆ ಇಡೀ ವಿಕಿ ಸರಿಹೋಗುತ್ತದೆ. ಮುಂದಿನ ತಲೆಬರಹ ಚಿತ್ರದ ಪಕ್ಕಕ್ಕೆ ಹತ್ತಿ ಕೂರೋದಕ್ಕೂ ಅಲ್ಲೇ ಮದ್ದು, ತಲೆಬರಹಕ್ಕೆ ಕ್ಲಿಯರ್ (ಚಿತ್ರ ಮುಗಿದ ಮೇಲೇ ಶುರುವಾಗು ಅನ್ನೋ ನಿಯಮ) ಕೊಟ್ಟರಾಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಡಿಬರಹದ ಕೆಲಸ. ಅದನ್ನು ಚಿತ್ರದ ಟಿಡ್ಲರ್‌ನ ಕ್ಯಾಪ್ಶನ್ ಫೀಲ್ಡ್‌ನಲ್ಲೇ ಇಡಿ. ಒಂದು ಮ್ಯಾಕ್ರೋ ಅದನ್ನು ಓದಿ ಚಿತ್ರದ ಕೆಳಗೆ ತೋರಿಸುತ್ತದೆ, ಇನ್ನೊಂದು ಪುಟ್ಟ ಮ್ಯಾಕ್ರೋ ಅದನ್ನೇ ಲಿಂಕ್ ಮಾಡಿ ಬರಹದ ನಡುವೆ ಎಲ್ಲಿ ಬೇಕಾದರೂ ಹಾಕುತ್ತದೆ. ಕ್ಯಾಪ್ಶನ್ ತಿದ್ದಿದರೆ ಎರಡೂ ಕಡೆ ಬದಲಾಗುತ್ತದೆ. 'ಚಿತ್ರ 3 ನೋಡಿ' ಅನ್ನೋ ಥರ ನಂಬರ್ ಬೇಕು ಅನ್ನುವವರಿಗೆ ನಿರಾಸೆ. ಸಿಎಸ್‌ಎಸ್ ಕೌಂಟರ್ (ಸ್ಟೈಲ್‌ಶೀಟ್‌ನಲ್ಲೇ ಎಣಿಸುವ ಸೌಲಭ್ಯ) ಚಿತ್ರದ ಕೆಳಗೆ ನಂಬರ್ ಹಾಕುತ್ತದೆ, ಆದರೆ ಆ ನಂಬರನ್ನು ಇನ್ನೊಂದು ಟಿಡ್ಲರ್‌ನಿಂದ ಕರೆಯೋಕೆ ಆಗಲ್ಲ.

2023ರಲ್ಲಿ ಬಂದ 5.3.0 ಆವೃತ್ತಿಯಿಂದ ಮ್ಯಾಕ್ರೋ ಬದಲು ಅದರದೇ ಹೊಸ ರೂಪವಾದ ಪ್ರೊಸೀಜರ್ ಬಳಸಬಹುದು. ಒಂದು ಎಚ್ಚರ: ಹಳೆಯ ಮ್ಯಾಕ್ರೋದಲ್ಲಿ ಡಾಲರ್ ಗುರುತಿನ ನಡುವಿನ ಪ್ಯಾರಾಮೀಟರ್ ಹೆಸರು ನೀವು ಕೊಟ್ಟ ಮೌಲ್ಯದ ನೇರ ಪಠ್ಯವಾಗಿ ಬದಲಾಗುತ್ತಿತ್ತು, ಹಾಗಾಗಿ ಚೌಕ ಆವರಣದ ಬರವಣಿಗೆಯೇ ಸಾಕಿತ್ತು. ಪ್ರೊಸೀಜರ್‌ನಲ್ಲಿ ಅದು ನಡೆಯಲ್ಲ, ಇಮೇಜ್ ವಿಜೆಟ್ (ಚಿತ್ರ ತೋರಿಸುವ ವಿಕಿಯದೇ ಟ್ಯಾಗ್) ಬಳಸಿ ಸೋರ್ಸ್‌ಗೆ ಚಿತ್ರದ ಹೆಸರು ಹೊತ್ತ ವೇರಿಯಬಲ್ ಕೊಡಬೇಕು. ನನ್ನ ಕೇಳಿದರೆ ಇದೇ ಒಳ್ಳೆಯದು, ಹೆಸರಿನಲ್ಲಿ ವಿಚಿತ್ರ ಗುರುತುಗಳಿದ್ದರೂ ಕೆಡಲ್ಲ.

ಸಿಟ್ಟು ಬರೋದು ಹೆಸರು ಬದಲಿಸುವಾಗ. ಚಿತ್ರದ ಹೆಸರು ಬದಲಿಸಿದರೆ ಮ್ಯಾಕ್ರೋ ಒಳಗೆ ಕೊಟ್ಟ ಹಳೆಯ ಹೆಸರು ಹಾಗೇ ಉಳಿಯುತ್ತದೆ, ಚಿತ್ರ ಮಾಯ. ರೀಲಿಂಕ್ ಅನ್ನೋ ಪ್ಲಗಿನ್ ಇದನ್ನು ಸರಿ ಮಾಡುತ್ತದೆ, ಆದರೆ ನಿಮ್ಮ ಮ್ಯಾಕ್ರೋದ ಯಾವ ಪ್ಯಾರಾಮೀಟರ್ ಟಿಡ್ಲರ್ ಹೆಸರು ಅಂತ ಮೊದಲು ಅದಕ್ಕೆ ಹೇಳಬೇಕು. ಇದು ಮೂಲ ವಿಕಿಯಲ್ಲೇ ಇರಬೇಕಿತ್ತು, ಅಲ್ವಾ?

ಇನ್ನು ಫೈಲ್‌ನ ತೂಕ. ಒಳಗೆ ಸೇರಿಸಿದ ಚಿತ್ರ ಬೇಸ್64 ಆಗಿ, ಅಂದರೆ ಅಕ್ಷರಗಳ ರೂಪಕ್ಕೆ ತಿರುಗಿ, ಸುಮಾರು ಮೂರನೇ ಒಂದು ಭಾಗ ಜಾಸ್ತಿ ಜಾಗ ತಿನ್ನುತ್ತದೆ, ಪ್ರತಿ ಸಲ ಸೇವ್ ಮಾಡಿದಾಗಲೂ ಅಷ್ಟನ್ನೂ ಮತ್ತೆ ಬರೆಯಬೇಕು. ಚಿಕ್ಕ ರೇಖಾಚಿತ್ರಗಳಿಗೆ ಪರವಾಗಿಲ್ಲ. ಫೋಟೋಗಳನ್ನು ಮಾತ್ರ ಹೊರಗಿನ ಫೋಲ್ಡರ್‌ನಲ್ಲಿಟ್ಟು ಕ್ಯಾನೊನಿಕಲ್ ಯುಆರ್‌ಐ ಫೀಲ್ಡ್‌ನಲ್ಲಿ ಆ ಫೈಲ್ ಎಲ್ಲಿದೆ ಅನ್ನೋ ದಾರಿ ಕೊಡಿ. ಮ್ಯಾಕ್ರೋ ತಿದ್ದಬೇಕಾಗಿಲ್ಲ, ಆದರೆ ವಿಕಿಯನ್ನು ಬೇರೆ ಕಂಪ್ಯೂಟರ್‌ಗೆ ಒಯ್ಯುವಾಗ ಆ ಫೋಲ್ಡರ್‌ನೂ ಜೊತೆಗೇ ಒಯ್ಯಬೇಕು.