ಮೂರು ವರ್ಷದ ಬಳಕೆ: ಟೈಮ್ ಅಲೈನ್‌ಮೆಂಟ್, 13 ಬ್ಯಾಂಡ್ ಇಕ್ವಲೈಸರ್ ಇರುವ ಕಾರ್ ಸ್ಟೀರಿಯೊ

ಈ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸ್ಟೀರಿಯೊ) ನಮ್ಮ ಹ್ಯಾಚ್‌ಬ್ಯಾಕ್‌ಗೆ ಬಂದು ಮೂರು ವರ್ಷ ದಾಟಿತು. ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಸ್ಪೀಕರ್, ಡಿಕ್ಕಿಯಲ್ಲಿ ಬೇಸ್‌ಗೆಂದೇ ಎಂಟು ಇಂಚಿನ ಸಬ್‌ವೂಫರ್. ಹೊಸ ಸ್ಪೀಕರ್ ಹಾಕಿಸಿದಾಗ ಆಗದಷ್ಟು ವ್ಯತ್ಯಾಸ ಸೆಟ್ಟಿಂಗ್ ಸರಿ ಮಾಡಿದ ಮೇಲೆ ಆಯಿತು. ಅದರಲ್ಲೂ ಟೈಮ್ ಅಲೈನ್‌ಮೆಂಟ್‌ನಿಂದ, ಅಂದರೆ ಹತ್ತಿರದ ಸ್ಪೀಕರನ್ನು ಸ್ವಲ್ಪ ತಡ ಮಾಡಿ ಎಲ್ಲದರ ಶಬ್ದವೂ ಕಿವಿಗೆ ಒಟ್ಟಿಗೆ ತಲುಪುವಂತೆ ಮಾಡುವ ಸೆಟ್ಟಿಂಗ್‌ನಿಂದ.

ನಮ್ಮಲ್ಲಿ ಡ್ರೈವರ್ ಸೀಟು ಬಲಕ್ಕೆ. ಬಲಗಡೆ ಸ್ಪೀಕರ್ ಹತ್ತಿರ, ಎಡಗಡೆಯದು ದೂರ. ಟೇಪ್ ಹಿಡಿದು ನೋಡಿದರೆ ತಲೆಯಿಂದ ಬಲಕ್ಕೆ 90 ಸೆಂ.ಮೀ., ಎಡಕ್ಕೆ 140. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಅಂದರೆ ಎಡಗಡೆಯದು ಒಂದೂವರೆ ಮಿಲಿಸೆಕೆಂಡು ತಡ. ಅಷ್ಟಕ್ಕೇ ಹಾಡುವವರ ದನಿ ಬಲ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಈ ಅಳತೆಯನ್ನು ಯೂನಿಟ್‌ನಲ್ಲಿ ಹಾಕಿದ ಕೂಡಲೇ ದನಿ ಡ್ಯಾಶ್‌ಬೋರ್ಡಿನ ನಡುವಿಗೆ ಬಂತು. ವೀಣೆ ಕಛೇರಿ ಹಾಕಿದರೆ ವೀಣೆ ಎದುರಿಗೆ, ಮೃದಂಗ ಪಕ್ಕಕ್ಕೆ, ಎರಡೂ ಬೇರೆಬೇರೆ ಜಾಗದಿಂದ ಕೇಳುತ್ತವೆ. ಪಕ್ಕದ ಸೀಟಿನವರಿಗೆ ಮಾತ್ರ ಇದರಿಂದ ಲಾಭವಿಲ್ಲ, ಸ್ವಲ್ಪ ಕೆಡುತ್ತದೆ ಕೂಡ. ಮನೆಯವರ ಜೊತೆ ಹೋಗುವಾಗ ಅದನ್ನು ಆಫ್ ಮಾಡುತ್ತೇನೆ.

ಇದಕ್ಕೂ ಮೊದಲು ವೈರಿಂಗ್ ನೋಡಿಕೊಳ್ಳಿ. ಫಿಟ್ ಮಾಡಿದ ಅಂಗಡಿಯಲ್ಲಿ ಎಡ ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ದರು. ಸಬ್‌ವೂಫರ್ ಆಫ್ ಮಾಡಿ, ಟೈಮ್ ಅಲೈನ್‌ಮೆಂಟ್ ಇಲ್ಲದೆ, ಬ್ಯಾಲೆನ್ಸ್ ನಡುವಿಗಿಟ್ಟು ಒಂದು ಹಾಡು ಕೇಳಿ. ಆಮೇಲೆ ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ. ಒಂದೇ ಸ್ಪೀಕರ್ ಇದ್ದಾಗ ಬೇಸ್ ಜಾಸ್ತಿ ಬಂದರೆ ಎಲ್ಲೋ ವೈರ್ ತಿರುಗಿದೆ ಅಂತಲೇ ಅರ್ಥ. ಅಂಗಡಿಯವರಿಗೆ ತೋರಿಸಿದೆ, ಸರಿ ಮಾಡಿಕೊಟ್ಟರು.

ಇನ್ನು ಇಕ್ವಲೈಸರ್, ಅಂದರೆ ತಗ್ಗಿನಿಂದ ಎತ್ತರದವರೆಗಿನ ಸ್ವರಗಳನ್ನು ಬ್ಯಾಂಡ್‌ಗಳಾಗಿ ಬೇರೆಬೇರೆ ಎತ್ತುವ, ಇಳಿಸುವ ಸೆಟ್ಟಿಂಗ್. ಬೇಸ್ ಬೂಸ್ಟ್, ಲೌಡ್‌ನೆಸ್ (ಕಡಿಮೆ ವಾಲ್ಯೂಮ್‌ನಲ್ಲಿ ಬೇಸ್ ಎತ್ತಿಕೊಡುವುದು) ಎರಡೂ ಆಫ್. ಬಾಗಿಲ ಸ್ಪೀಕರಿಗೆ 80 ಹರ್ಟ್ಜ್‌ನಲ್ಲಿ ಹೈ ಪಾಸ್, ಅಂದರೆ ಅದರ ಮೇಲಿನ ಸ್ವರ ಮಾತ್ರ ಅವಕ್ಕೆ, ಕೆಳಗಿನದೆಲ್ಲ ಸಬ್‌ವೂಫರಿಗೆ. ಎತ್ತುವುದಕ್ಕಿಂತ ಇಳಿಸುವುದೇ ಮೇಲು. 3 ಡೆಸಿಬೆಲ್ ಎತ್ತಿದರೆ ಅಲ್ಲಿ ಆಂಪ್ಲಿಫೈಯರ್ ಎರಡರಷ್ಟು ಪವರ್ ಕೊಡಬೇಕು. ಡಬ್ಬದ ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ, ಇಂಥ ಯೂನಿಟ್‌ಗಳು ಸತತವಾಗಿ ಕೊಡುವುದು 20ರ ಆಸುಪಾಸು. 200 ಹರ್ಟ್ಜ್ ಇಳಿಸಿದಾಗ ಬಾಗಿಲಿನ ಗುಂಯ್‌ಗುಡುವಿಕೆ ಹೋಯಿತು. 3 ಕಿಲೋಹರ್ಟ್ಜ್ ಹತ್ತಿರ ಒಂಚೂರು ಇಳಿಸಿದೆ ನೋಡಿ, ನಾದಸ್ವರ ಕಿವಿಗೆ ಚುಚ್ಚುವುದು ನಿಂತಿತು. ಅದೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು.

ಬಾಗಿಲೊಳಗೆ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಡೆಯುವ ಹಾಳೆ) ಹಾಕಿಸುವುದಾದರೆ ಬ್ಯೂಟೈಲ್ ರಬ್ಬರಿನದೇ ಕೇಳಿ. ಟಾರಿನ ಅಗ್ಗದ ಶೀಟು ಬೇಸಿಗೆಯಲ್ಲಿ ವಾಸನೆ ಹೊಡೆಯುತ್ತದೆ, ಮೆತ್ತಗಾಗಿ ಜಾರುತ್ತದೆ. ನಮ್ಮದು ಇವತ್ತಿಗೂ ಗಟ್ಟಿಯಾಗಿ ಕೂತಿದೆ.

ಬ್ಲೂಟೂತ್ ದಿನನಿತ್ಯಕ್ಕೆ ಸಾಕು. ಕೂತು ಕೇಳಬೇಕೆನಿಸಿದಾಗ ಪೆನ್‌ಡ್ರೈವ್‌ನಲ್ಲಿ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲ್. ಹೈವೇನಲ್ಲಿ ಟೈರಿನ ಸದ್ದು ಬೇಸನ್ನು ನುಂಗಿಬಿಡುತ್ತದೆ. ಅಲ್ಲಿ ಸಬ್‌ವೂಫರ್ ಲೆವೆಲ್ ಎರಡು ಪಾಯಿಂಟ್ ಏರಿಸಿಕೊಳ್ಳುತ್ತೇನೆ.

ಎರಡು ಕೊರತೆ ಹೇಳಲೇಬೇಕು. ಸರ್ವಿಸ್‌ನಲ್ಲಿ ಬ್ಯಾಟರಿ ಬಿಚ್ಚಿದರೆ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಪ್ರತಿ ಸ್ಕ್ರೀನಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಎಡಕ್ಕೂ ಬಲಕ್ಕೂ ಒಂದೇ ಇಕ್ವಲೈಸರ್. ಬಲ ಸ್ಪೀಕರ್ ನನ್ನ ಕಾಲಿನ ಮರೆಯಲ್ಲಿರುತ್ತದೆ, ಎಡಗಡೆಯದು ನೇರ ಕೇಳುತ್ತದೆ. ಎರಡನ್ನೂ ಬೇರೆಬೇರೆ ಹೊಂದಿಸಲು ಬರುವ ಮಾಡೆಲ್ ನಿಮ್ಮ ಬಜೆಟ್ಟಿಗೆ ಸಿಕ್ಕರೆ ಅದನ್ನೇ ತಗೊಳ್ಳಿ.