ಕೆಲಸ ಹೋದಾಗ ಬಾಡಿಗೆಗೆ ಆಸರೆ: ಇಎಸ್‌ಐ ನಿರುದ್ಯೋಗ ಪರಿಹಾರ ಎಷ್ಟು ಉಪಯೋಗ?

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ದುಡಿದು ಗವೇನಹಳ್ಳಿ, ತಣ್ಣೀರುಹಳ್ಳದ ಕಡೆ ಬಾಡಿಗೆಗಿರುವ ಸಂಸಾರದಲ್ಲಿ ಒಬ್ಬರ ಸಂಬಳ ನಿಂತರೂ ಮೊದಲು ಕಾಡುವುದು ಮನೆ ಬಾಡಿಗೆ. ಕೆಲಸ ಹೋಯಿತೆಂದು ಬಾಡಿಗೆಯನ್ನೇ ಸರ್ಕಾರ ಕಟ್ಟಿಕೊಡುವ ಪ್ರತ್ಯೇಕ ಯೋಜನೆ ನಮ್ಮಲ್ಲಿಲ್ಲ. ‘ಬಾಡಿಗೆ ಸಹಾಯಧನದ ಅರ್ಜಿ’ ಹಾಕಿಕೊಡುತ್ತೇವೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದವರಿಗೆ ಬೇರೆ ದಾರಿ ಇದೆ. ಅದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈನಲ್ಲಿ ಶುರುವಾದಾಗ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು, 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಂದೇ ಸಲ.

ಎಷ್ಟು ಸಿಗುತ್ತದೆ ಎಂಬ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹಿಂದಿನ ನಾಲ್ಕು ವಂತಿಗೆ ಅವಧಿಗಳ (ಇಎಸ್‌ಐಗೆ ಹಣ ಕಟ್ಟುವ ಆರಾರು ತಿಂಗಳ ಅವಧಿ), ಅಂದರೆ ಎರಡು ವರ್ಷದ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ, ಅದರಲ್ಲಿ ಅರ್ಧ. ತಿಂಗಳಿಗೆ 15,000 ರೂಪಾಯಿ ಇದ್ದವರಿಗೆ ಎರಡು ವರ್ಷಕ್ಕೆ 3,60,000. ದಿನಕ್ಕೆ 493 ರೂಪಾಯಿ, ಅದರರ್ಧ 246 ಚಿಲ್ಲರೆ. 90 ದಿನಕ್ಕೆ 22 ಸಾವಿರದ ಆಸುಪಾಸು. ಬಾಡಿಗೆ ಐದು ಸಾವಿರ ಎಂದಿಟ್ಟುಕೊಂಡರೆ ನಾಲ್ಕು ತಿಂಗಳು ಮಾಲೀಕರ ಮುಂದೆ ತಲೆ ತಗ್ಗಿಸದೆ ಇರಬಹುದು. ಮಧ್ಯೆ ಸಂಬಳವಿಲ್ಲದ ತಿಂಗಳುಗಳಿದ್ದರೂ ಭಾಗಿಸುವುದು 730ರಿಂದಲೇ, ಹಾಗಾಗಿ ಮೊತ್ತ ಇಳಿಯುತ್ತದೆ.

ಅರ್ಹತೆಯಲ್ಲಿ ಜನ ಎಡವುವುದು 78 ದಿನದ ಲೆಕ್ಕದಲ್ಲಿ. ಇಎಸ್‌ಐಗೆ ವರ್ಷದಲ್ಲಿ ಎರಡು ವಂತಿಗೆ ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕನಿಷ್ಠ ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವುದಕ್ಕೆ ತಕ್ಷಣ ಹಿಂದಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಜನವರಿಯಲ್ಲಿ ಕೆಲಸ ಹೋದರೆ ನೋಡುವುದು ಏಪ್ರಿಲ್–ಸೆಪ್ಟೆಂಬರ್ ಅವಧಿಯನ್ನು. ಅಕ್ಟೋಬರ್‌ನಿಂದ ಜನವರಿವರೆಗೆ ಒಂದು ದಿನವೂ ಬಿಡದೆ ದುಡಿದಿದ್ದರೂ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿಯ ದಾರಿ ಉದ್ದವೇನಲ್ಲ. ಕೆಲಸ ಹೋಗಿ 30 ದಿನ ಕಳೆಯಬೇಕು. ಆಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಹತ್ತು ಅಂಕಿಯ ವಿಮಾ ಸಂಖ್ಯೆಯಿಂದ ಲಾಗಿನ್ ಆಗಿ, ಕ್ಲೇಮ್ ಭರ್ತಿ ಮಾಡಿ, ಪ್ರಿಂಟ್ ತೆಗೆದು ಸಹಿ ಹಾಕಿ, ಆಧಾರ್ ಮತ್ತು ಪಾಸ್‌ಬುಕ್ ನಕಲಿನ ಜೊತೆ ನಿಮ್ಮ ಶಾಖಾ ಕಚೇರಿಗೆ ಕೊಡುವುದು. ಮೊದಲಿನಂತೆ ಕಂಪನಿಯ ಮೂಲಕವೇ ಹೋಗಬೇಕಾಗಿಲ್ಲ, ಇದು 2020ರ ಬದಲಾವಣೆಯ ದೊಡ್ಡ ಉಪಕಾರ. ಇನ್ನೂ ಬಾರದ ದಿನಗಳಿಗೆ ಮುಂಗಡವಾಗಿ ಕೇಳುವಂತಿಲ್ಲ. ನಡುವೆ ಬೇರೆ ಕೆಲಸ ಸಿಕ್ಕರೆ ಖಾಲಿ ಇದ್ದ ದಿನಗಳಿಗಷ್ಟೇ ಹಣ. ಅರ್ಜಿಗೆ ಶುಲ್ಕವಿಲ್ಲ, ಸೈಬರ್‌ನವರಿಗೆ ಪ್ರಿಂಟಿನ ದುಡ್ಡು ಕೊಡಿ, ಬಂದ ಹಣದಲ್ಲಿ ಪಾಲು ಕೊಡುವ ಮಾತು ಬೇಡ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಆದ್ದರಿಂದ ಹಾಕುವ ಮೊದಲು 1800-11-2526ಕ್ಕೆ ಫೋನ್ ಮಾಡಿ ಜಾರಿಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಫಾರಂ ಇಂಗ್ಲಿಷ್‌ನಲ್ಲಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಟೈಲರಿಂಗ್ ಲೈನಿನಲ್ಲಿ ಕೂತ ಹೆಣ್ಣುಮಗಳು ಇದನ್ನು ತಾನೇ ತುಂಬಲಿ ಎನ್ನುವುದಾದರೆ ಕನ್ನಡದಲ್ಲಿ ಕೊಡಬೇಕು. ಇದು ಈ ಸೇವೆಯ ನಿಜವಾದ ಕೊರತೆ.

ಆದರೆ ಅರ್ಜಿ ಗೆಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಪೋರ್ಟಲ್‌ನಲ್ಲಲ್ಲ, ಕಂಪನಿಯ ಎಚ್‌ಆರ್ ಟೇಬಲ್ ಮೇಲೆ. ಪ್ರತಿ ತಿಂಗಳು ವಂತಿಗೆ ತುಂಬುವಾಗ ಒಬ್ಬರ ದುಡಿದ ದಿನ ಸೊನ್ನೆ ಎಂದಾದರೆ ಕಂಪನಿಯವರು ಅದಕ್ಕೊಂದು ಕಾರಣ ಆರಿಸಬೇಕು. ಆ ಪಟ್ಟಿಯಲ್ಲಿ ‘ರಜೆಯಲ್ಲಿದ್ದಾರೆ’, ‘ಕೆಲಸ ಬಿಟ್ಟಿದ್ದಾರೆ’, ‘ನಿವೃತ್ತಿ’, ‘ಮುಷ್ಕರ ಅಥವಾ ಲಾಕೌಟ್’, ‘ರಿಟ್ರೆಂಚ್‌ಮೆಂಟ್’ (ಕಂಪನಿಯೇ ಕೆಲಸಗಾರರನ್ನು ಕಡಿತ ಮಾಡುವುದು), ‘ಕೆಲಸವಿಲ್ಲ’ ಎಂಬೆಲ್ಲ ಆಯ್ಕೆಗಳಿವೆ. ‘ರಜೆಯಲ್ಲಿದ್ದಾರೆ’ ಎಂದು ಬಿಟ್ಟುಬಿಟ್ಟರೆ ದಾಖಲೆಯ ಪ್ರಕಾರ ನೀವಿನ್ನೂ ನೌಕರರೇ, ಕ್ಲೇಮ್ ಮುಂದೆ ಹೋಗುವುದಿಲ್ಲ. ಕೊನೆಯ ಕೆಲಸದ ದಿನಾಂಕ ಹಾಕದಿದ್ದರೂ ಅದೇ ಕಥೆ. ದುರ್ನಡತೆಗೆ ವಜಾ, ಸ್ವಯಂ ನಿವೃತ್ತಿ, ವಯೋನಿವೃತ್ತಿ ಎಂದಿದ್ದರೆ ಪರಿಹಾರವೇ ಇಲ್ಲ.

‘ಲೆಕ್ಕ ಬೇಗ ಚುಕ್ತಾ ಆಗಲಿ, ಒಂದು ರಾಜೀನಾಮೆ ಬರೆದುಕೊಡಮ್ಮ’ ಎಂದರೆ ಸಹಿ ಹಾಕುವ ಮುನ್ನ ಇನ್ನೊಂದು ಲೆಕ್ಕ ನೋಡಿ. ಇಎಸ್‌ಐನಲ್ಲೇ 2005ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಇದೆ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಹೋದವರಿಗೆ ಮೊದಲ 12 ತಿಂಗಳು ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಅದೇ 15,000 ಸಂಬಳಕ್ಕೆ ಮೊದಲ ವರ್ಷವೊಂದರಲ್ಲೇ ಸುಮಾರು 90 ಸಾವಿರ. ರಾಜೀನಾಮೆ ಕೊಟ್ಟವರಿಗೆ ಈ ಬಾಗಿಲು ಮುಚ್ಚಿತು. ಆದ್ದರಿಂದ ಕಾರಣ ಬರೆದ ಪತ್ರವನ್ನು ಕಂಪನಿಯ ಲೆಟರ್‌ಹೆಡ್‌ನಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿಗೆ ಬೆಲೆಯಿಲ್ಲ.

ಉಳಿದ ತೊಡಕುಗಳು ಚಿಕ್ಕವು, ಆದರೆ ತಿಂಗಳುಗಟ್ಟಲೆ ತಿನ್ನುತ್ತವೆ. ಎರಡು ಗಾರ್ಮೆಂಟ್ಸ್‌ಗಳಲ್ಲಿ ದುಡಿದವರಿಗೆ ಕೆಲವೊಮ್ಮೆ ಎರಡು ವಿಮಾ ಸಂಖ್ಯೆ ಆಗಿರುತ್ತದೆ; ವಂತಿಗೆ ಇಬ್ಭಾಗವಾಗಿ 78 ದಿನ ತುಂಬುವುದಿಲ್ಲ. ಎರಡನ್ನೂ ಒಂದುಮಾಡಲು ಮೊದಲು ಅರ್ಜಿ ಕೊಡಿ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಇಎಸ್‌ಐನಲ್ಲಿ ಮುಂದೆ ಇದ್ದರೆ ತಾಳೆಯಾಗುವುದಿಲ್ಲ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಹಳೇ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆದರೆ ಹಣ ವಾಪಸ್ ಹೋಗುತ್ತದೆ. ಅವೆಲ್ಲ ಕ್ರಮವಾಗಿ ಕೆನರಾ, ಯೂನಿಯನ್, ಬರೋಡಾ ಬ್ಯಾಂಕಿನಲ್ಲಿ ಸೇರಿಹೋಗಿವೆ, ಹೊಸ ಪಾಸ್‌ಬುಕ್ ಮಾಡಿಸಿ.

ಚಿಕ್ಕಮಗಳೂರು, ಸಕಲೇಶಪುರದ ಎಸ್ಟೇಟ್ ಕಡೆಯವರು ಮತ್ತು ಕಾಫಿ ಕ್ಯೂರಿಂಗ್ ಕೆಲಸದವರು ಮೊದಲು ಪೇ ಸ್ಲಿಪ್ ನೋಡಿ. ಇಎಸ್‌ಐಗೆ ನೌಕರರ ಪಾಲು 0.75 ಶೇಕಡಾ ಕಡಿತವಾಗಿದ್ದರೆ ಮಾತ್ರ ಈ ಮಾತೆಲ್ಲ ನಿಮಗೆ ಸಲ್ಲುತ್ತದೆ. ಕಡಿತವೇ ಇಲ್ಲದಿದ್ದರೆ ಉಳಿಯುವುದು ಪಿಎಫ್. ಅದು ನಿಮ್ಮದೇ ಉಳಿತಾಯ, ಪರಿಹಾರವಲ್ಲ, ಕೊನೆಗೆ ಮುಟ್ಟಿ. ಪಿಎಫ್ ದಾಖಲೆಯಲ್ಲಿ ಕಂಪನಿ ನಿರ್ಗಮನ (ಕೆಲಸ ಬಿಟ್ಟ) ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಒಟ್ಟಾರೆ ಈ ಇಎಸ್‌ಐ ನಿರುದ್ಯೋಗ ಪರಿಹಾರಕ್ಕೆ ಐದಕ್ಕೆ ಮೂರೂವರೆ ಅಂಕ. ಹಣ ಉಪಯೋಗಕ್ಕೆ ಬರುವಷ್ಟಿದೆ, ಆದರೆ ಕೈಗೆ ಬರುವುದು ಮೊದಲ ತಿಂಗಳು ಕಳೆದ ಮೇಲೆಯೇ. ಆ ನಡುವಿನ ಒಂದೆರಡು ತಿಂಗಳಿಗೆ ಮನೆ ಮಾಲೀಕರ ಹತ್ತಿರ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಕೇಳಿ. ಯಾವ ತಿಂಗಳ ಬಾಡಿಗೆ, ಎಷ್ಟು ಮುರಿದರು, ಅಡ್ವಾನ್ಸ್ ಎಷ್ಟು ಉಳಿಯಿತು ಎಂದು ಕರಾರು ಪತ್ರದ ಹಿಂದೆಯೇ ಬರೆದು ಇಬ್ಬರೂ ಸಹಿ ಹಾಕಿಟ್ಟುಕೊಳ್ಳಿ.