ಶಾರ್ಟ್‌ಲಿಸ್ಟ್‌ಗೆ ಹೋಗಿ, ಎಲ್‌ಓಆರ್ ಮಾತ್ರ ಇವ್ರ ಕೈಗೆ ಕೊಡ್ಬೇಡಿ (2/5)

ಅಮೆರಿಕಾದಲ್ಲಿ ಎಂಎಸ್ ಮಾಡ್ಬೇಕು ಅಂತ ಹೋದ ವರ್ಷ ಜುಲೈನಲ್ಲಿ ಜಯನಗರ ಕಡೆ ಇರೋ ಈ ಕನ್ಸಲ್ಟೆನ್ಸಿಗೆ ಸೇರ್ಕೊಂಡೆ, ಆರು ಯೂನಿವರ್ಸಿಟಿ ಪ್ಯಾಕೇಜು, ಅಪ್ಪ ಪೂರ್ತಿ ದುಡ್ಡು ಮೊದ್ಲೇ ಕಟ್ಟಿದ್ರು. ಯಾವ್ಯಾವ ಯೂನಿವರ್ಸಿಟಿಗೆ ಹಾಕ್ಬೇಕು ಅನ್ನೋ ಶಾರ್ಟ್‌ಲಿಸ್ಟ್ ಚೆನ್ನಾಗಿ ಮಾಡ್ಕೊಟ್ರು, ವಿಟಿಯು ಟ್ರಾನ್ಸ್‌ಕ್ರಿಪ್ಟ್ ಯಾವಾಗ ಅಪ್ಲೈ ಮಾಡ್ಬೇಕು, ಎಲ್ಲಿ ಜಿಆರ್‌ಇ ಎಕ್ಸಾಮ್ ಬೇಡ ಅನ್ನೋದೆಲ್ಲ ಸರಿಯಾಗಿ ಹೇಳಿದ್ರು, ಎರಡು ಸ್ಟಾರ್ ಅದಕ್ಕೆ. ಮೂರು ಸ್ಟಾರ್ ಕಟ್ ಮಾಡಿದ್ದು ಪೂರ್ತಿ ಎಲ್‌ಓಆರ್, ಅಂದ್ರೆ ಲೆಕ್ಚರರ್ ಥರದೋರು ನಮ್ ಬಗ್ಗೆ ಬರ್ಕೊಡೋ ರೆಕಮೆಂಡೇಶನ್ ಲೆಟರ್ ವಿಷ್ಯಕ್ಕೆ.

"ಎಲ್‌ಓಆರ್ ಟೆನ್ಶನ್ ಬಿಟ್ಬಿಡಿ, ನಾವೇ ನೋಡ್ಕೋತೀವಿ" ಅಂದಿದ್ರು. ಅಕ್ಟೋಬರ್‌ನಲ್ಲಿ ಮೂರು ಲೆಟರ್ ರೆಡಿ ಮಾಡಿ ಕಳ್ಸಿದ್ರು, ಓದಿದ್ರೆ ಮೂರೂ ಒಬ್ರೇ ಬರ್ದಂಗಿದೆ, ಹಾರ್ಡ್ ವರ್ಕಿಂಗು, ಸಿನ್ಸಿಯರ್ರು, ಟೀಮ್ ಪ್ಲೇಯರ್ರು ಅಷ್ಟೇ, ನಾನು ವರ್ಷವಿಡೀ ಮಾಡಿದ ಪ್ರಾಜೆಕ್ಟ್ ಬಗ್ಗೆ ಒಂದು ಸಾಲಿಲ್ಲ. ಅಲ್ಲೇ ಸೇರಿದ್ದ ನನ್ ಕ್ಲಾಸ್‌ಮೇಟ್ ಹುಡುಗನ ಲೆಟರ್ ಪಕ್ಕ ಇಟ್ಟು ನೋಡಿದ್ರೆ ಎರಡನೇ ಪ್ಯಾರಾ ಪೂರ್ತಿ ಅದೇ, ನಾನು ಹುಡುಗಿ, ನನ್ ಲೆಟರ್‌ನಲ್ಲಿ ಒಂದ್ಕಡೆ 'ಹಿ' (ಅವನು) ಅಂತಲೇ ಉಳ್ಕೊಂಡಿತ್ತು! ಅದಾದ್ಮೇಲೆ ಲೆಕ್ಚರರ್ ಹೆಸ್ರಲ್ಲಿ ಒಂದು ಜಿಮೇಲ್ ಐಡಿ ಮಾಡಿ ಪಾಸ್‌ವರ್ಡ್ ನಮಗೆ ಕೊಡಿ, ಎಲ್ರೂ ಹಿಂಗೇ ಮಾಡೋದು ಅಂದ್ರು. ಕೈಕಾಲು ತಣ್ಣಗಾಯ್ತು ನಂಗೆ.

ಗೊತ್ತಿಲ್ದೋರಿಗೆ ಹೇಳ್ತೀನಿ. ಲೆಟರ್ ಬರೆಯೋರ ಹೆಸ್ರು, ಮೇಲ್ ಐಡಿ ನಾವು ಅಪ್ಲಿಕೇಶನ್‌ನಲ್ಲಿ ಹಾಕ್ತೀವಿ, ಯೂನಿವರ್ಸಿಟಿ ಲಿಂಕ್ ಕಳ್ಸೋದು ನೇರ ಅವ್ರಿಗೆ. ಈ ಹುಡುಗಿ ಟಾಪ್ 5 ಪರ್ಸೆಂಟಾ, 10 ಪರ್ಸೆಂಟಾ ಅಂತ ತುಂಬ್ಸೋದೂ ಇರುತ್ತೆ ಸಾಮಾನ್ಯವಾಗಿ. ಆ ಲೆಟರ್ ನೋಡೋ ಹಕ್ಕು ಬಿಟ್ಕೊಡ್ತೀನಿ ಅಂತ ನಾವು ಟಿಕ್ ಮಾಡ್ತೀವಲ್ಲ, ಅದು 1974ರ ಫೆರ್ಪಾ ಅನ್ನೋ ಅಲ್ಲಿನ ಕಾನೂನಿಂದ ಬಂದಿದ್ದು. ಇವ್ರು ಹೇಳ್ದಂಗೆ ಆ ಜಿಮೇಲ್‌ನಿಂದ ನಾವು ನೋಡಿರೋ ಲೆಟರ್‌ನೇ ಹಾಕಿದ್ರೆ ನಾನು ಹಾಕೋ ಸೈನೇ ಸುಳ್ಳು, ಸಿಕ್ಕಿಬಿದ್ರೆ ಅಡ್ಮಿಶನ್ ಆದ್ಮೇಲೂ ಕ್ಯಾನ್ಸಲ್ ಮಾಡ್ಬಹುದು.

ಮಾರನೇ ದಿನವೇ ಕಾಲೇಜಿಗೆ ಹೋಗಿ ಪ್ರಾಜೆಕ್ಟ್ ಗೈಡ್ ಮೇಡಂನ ಕೇಳ್ದೆ. "ಮಾರ್ಕ್ಸ್ ಯೂನಿವರ್ಸಿಟಿಯವ್ರಿಗೂ ಕಾಣುತ್ತಮ್ಮ, ನೀನು ಲ್ಯಾಬಲ್ಲಿ ಏನ್ ಮಾಡ್ದೆ ಅದನ್ನ ಒಂದು ಪೇಜ್ ಬರ್ಕೊಂಡು ಬಾ" ಅಂದ್ರು. ರಾಗಿಗೆ ಬರೋ ಬೆಂಕಿ ರೋಗನ ಎಲೆ ಫೋಟೋ ನೋಡಿ ಗುರುತಿಸೋ ಪ್ರಾಜೆಕ್ಟ್ ನಮ್ದು, ಸಂಜೆ ಬೆಳಕಲ್ಲಿ ತೆಗ್ದ ಫೋಟೋಗೆಲ್ಲ ರಿಸಲ್ಟ್ ತಪ್ಪು ಬರ್ತಿತ್ತು ಅಂತ ಎರಡು ಭಾನುವಾರ ಹೊಲಕ್ಕೆ ಹೋಗಿ ಮತ್ತೆ ತೆಗ್ದಿದ್ದೆ. ನಾನು ಬರ್ಕೊಂಡು ಹೋಗೋದ್ರೊಳಗೆ ಮೇಡಂ ಅದನ್ನ ತಾವೇ ನೆನಪು ಮಾಡ್ಕೊಂಡಿದ್ರು, ನಂಗೆ ಅಲ್ಲೇ ಕಣ್ಣು ತುಂಬ್ಕೊಂಡ್ತು. ಇನ್ನೊಬ್ರು ಸರ್ "ಒಂದೇ ಸೆಮ್ ಪಾಠ ಮಾಡಿದೀನಿ, ನನ್ ಲೆಟರ್ ವೀಕ್ ಆಗುತ್ತೆ, ಬೇರೆಯವ್ರನ್ನ ಕೇಳು" ಅಂದ್ರು, ಅವ್ರಿಗೂ ಥ್ಯಾಂಕ್ಸ್ ಹೇಳ್ಬೇಕು ನಾನು. ಎರಡನೇದು ಡಿಬಿಎಂಎಸ್ ಲ್ಯಾಬ್ ಸರ್ ಕೊಟ್ರು, ಮೂರನೇದು ಇಂಟರ್ನ್‌ಶಿಪ್ ಮ್ಯಾನೇಜರ್ ಆಫೀಸ್ ಮೇಲ್ ಐಡಿಯಿಂದಲೇ ಹಾಕಿದ್ರು.

ಲೇಟಾಗಿ ಶುರು ಮಾಡಿದ್ರಿಂದ ತುಂಬಾ ಒದ್ದಾಡ್ದೆ. ಡಿಸೆಂಬರ್ 15 ತುಂಬಾ ಕಡೆ ಲಾಸ್ಟ್ ಡೇಟು, ಆ ಟೈಮಲ್ಲಿ ಲೆಕ್ಚರರ್‌ಗಳು ಇಂಟರ್ನಲ್ಸು, ಲ್ಯಾಬ್ ಎಕ್ಸಾಮಲ್ಲಿ ಮುಳುಗಿರ್ತಾರೆ, ಸೆಪ್ಟೆಂಬರ್‌ನಲ್ಲೇ ಕೇಳ್ಬಿಡಿ. ಲಿಂಕ್ ಸ್ಪ್ಯಾಮ್‌ಗೆ ಹೋಗುತ್ತೆ, ಮೇಡಂಗೆ ಬಂದ ಆರ್ರಲ್ಲಿ ಎರಡು ಅಲ್ಲೇ ಬಿದ್ದಿದ್ವು, ಹೋಗಿ ಜೊತೆಗೆ ಕೂತು ಹುಡುಕ್ಕೊಟ್ಟೆ. ಲಾಸ್ಟ್ ಡೇಟ್ ದಿನ ರಾತ್ರಿ 11:59 ಅಮೆರಿಕಾದ ಈಸ್ಟರ್ನ್ ಟೈಮ್ ಅಂದ್ರೆ ನಮಗೆ ಮಾರನೇ ದಿನ ಬೆಳಿಗ್ಗೆ 10:29, ಆದ್ರೆ ಅಷ್ಟು ಹೊತ್ತಿನವರೆಗೂ ಅವ್ರನ್ನ ಕಾಯಿಸ್ಬೇಡಿ.

ಎಲ್‌ಓಆರ್ ಬಾಬ್ತು ದುಡ್ಡು ವಾಪಸ್ ಕೊಡಿ ಅಂತ ಕನ್ಸಲ್ಟೆನ್ಸಿಲಿ ಕೇಳ್ದೆ, ಪ್ಯಾಕೇಜ್ ಅಂದ್ರೆ ಪ್ಯಾಕೇಜ್, ಕೊಡಕ್ಕಾಗಲ್ಲ ಅಂದ್ರು. ಸೇರೋರು ದುಡ್ಡು ಕಟ್ಟೋಕೆ ಮುಂಚೆನೇ ಎಲ್‌ಓಆರ್ ತೆಗ್ದು ಎಷ್ಟಾಗುತ್ತೆ ಅಂತ ಕೇಳಿ ಬರೆಸ್ಕೊಳ್ಳಿ.